ಎತ್ತದಮಡಿ ದಿಣ್ಣೆ

ಹಿರೇಕಾವಲಿಗೆ ಹೋಗೋ ಬಸ್ಸು ಊರಿಗೆ ಒಂದು ಮೈಲಿ ಮುಂಚೆ ಬಯಲಲ್ಲಿ ಒಂದು ಕಡೆ ನಿಲ್ಲುತ್ತೆ. ಅಲ್ಲಿ ಇಳಿಯೋರು ಕಡಿಮೆ. ಇಳಿದು ನಿಂತರೆ ಮೊದಲು ಕಾಣೋದು ಬರೀ ಹುಲ್ಲು, ಅದೂ ಮೊಣಕಾಲಿಗೆ ಬರದಷ್ಟು ಗಿಡ್ಡ ಹುಲ್ಲು. ಆಮೇಲೆ ಒಂದೊಂದೇ ಕಾಣುತ್ತೆ. ಬಲಗಡೆ ಒಂದು ದೊಡ್ಡ ಸಿಮೆಂಟಿನ ನೆಲ, ಮೇಲೆ ಗೋಡೆ ಇಲ್ಲ, ಚಾವಣಿ ಇಲ್ಲ. ಊರಿನೋರು ಅಲ್ಲಿ ಶೇಂಗಾ ಒಣಗಿಸ್ತಾರೆ. ಎಡಗಡೆ ದೂರದಲ್ಲಿ ಒಂದು ಕೊರಕಲು, ಮಳೆ ನೀರು ಕೊರೆದು ಕೊರೆದು ಎರಡಾಳು ಆಳ ಮಾಡಿರೋದು. ಈ ಎರಡರ ಮಧ್ಯೆ ಉದ್ದಕ್ಕೆ ಬಯಲು, ಬಯಲಿನ ಪಡುವಣದ ತುದಿಯಲ್ಲಿ ಒಂದು ದಿಣ್ಣೆ. ಅದನ್ನ ಗುಡ್ಡ ಅನ್ನೋಕಾಗಲ್ಲ, ಒಂದೂವರೆ ಆಳು ಎತ್ತರ ಇದ್ದರೆ ಹೆಚ್ಚು. ಸರ್ಕಾರದ ನಕ್ಷೆಯಲ್ಲಿ ಅದಕ್ಕೆ ಬರೀ ಒಂದು ನಂಬರು. ಊರಲ್ಲಿ ಮಾತ್ರ ಅದು ಎತ್ತದಮಡಿ ದಿಣ್ಣೆ. ಮಡಿ ಅಂದರೆ ಇಲ್ಲಿ ಒಗೆದ ಬಟ್ಟೆ. ಹಾಸಿದ ಮೇಲೆ ಮತ್ತೆ ಎತ್ತದೇ ಬಿಟ್ಟ ಬಟ್ಟೆಯ ದಿಣ್ಣೆ ಅಂತ ಅರ್ಥ. ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಕುರಿ ಕಾಯೋರು ಆ ಕಡೆ ಹೋಗಲ್ಲ. ಗಾಳಿ ನಿಂತ ದಿನ ಅಂತೂ ಹೋಗೋದೇ ಇಲ್ಲ.

ಹಿಂದೆ ಒಮ್ಮೆ, ದೊಡ್ಡ ಯುದ್ಧ ನಡೀತಿದ್ದ ಕಾಲದಲ್ಲಿ, ಈ ಬಯಲಲ್ಲಿ ವಿಮಾನದ ಶಾಲೆ ಇತ್ತಂತೆ. ಆಗ ಬರ್ಮಾ ಕಡೆಯಿಂದ ದಿನಾ ಕೆಟ್ಟ ಸುದ್ದಿ ಬರ್ತಿತ್ತು. ಸೈನ್ಯಕ್ಕೆ ವಿಮಾನ ಓಡಿಸೋರು ಬೇಕಾಗಿದ್ರು, ಅದೂ ಬೇಗ ಬೇಕಾಗಿದ್ರು. ಎಲ್ಲೆಲ್ಲಿ ಸಪಾಟು ನೆಲ ಇತ್ತೋ ಅಲ್ಲೆಲ್ಲ ಶಾಲೆ ತೆಗೆದ್ರು ಅಂತಾರೆ. ಹಿರೇಕಾವಲಲ್ಲಿ ನೂರಾರು ವರ್ಷದಿಂದ ದನ ಮೇಯ್ದೂ ಮೇಯ್ದೂ ನೆಲ ಅಂಗೈ ಹಾಗಿತ್ತು. ಒಂದು ಮಾಗಿಯಲ್ಲಿ ಲಾರಿಗಳು ಬಂದ್ವು, ಡೇರೆ ಬಂದ್ವು, ಸಿಮೆಂಟ್ ನೆಲದ ಮೇಲೆ ತಗಡಿನ ಶೆಡ್ ಎದ್ದಿತು, ಆಮೇಲೆ ಎಂಟು ವಿಮಾನ ಬಂದ್ವು. ಅವು ಈಗಿನ ವಿಮಾನದ ಥರ ಅಲ್ಲ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಕೂರೋಕೆ ಹಿಂದೊಂದು ಮುಂದೊಂದು ಗುಂಡಿ, ತಲೆ ಮೇಲೆ ಬರೀ ಆಕಾಶ. ಒಂದರಲ್ಲಿ ಕಲಿಸೋನು, ಇನ್ನೊಂದರಲ್ಲಿ ಕಲಿಯೋನು. ಹತ್ತು ಗಂಟೆ ಹೀಗೆ ಜೊತೆಯಲ್ಲಿ ಹಾರಿ ಆದಮೇಲೆ ಕಲಿಸೋನು ಒಂದು ದಿನ ಇದ್ದಕ್ಕಿದ್ದಂತೆ ಇಳಿದು, ಹೋಗು, ಒಬ್ಬನೇ ಹೋಗಿ ಬಾ ಅಂತಿದ್ದ. ಹೋಗಿ ಬಂದೋನ ತಲೆ ಮೇಲೆ ಜೊತೆಗಾರರು ಬಕೆಟ್ ನೀರು ಸುರೀತಿದ್ರು. ಹೋಗೋ ಧೈರ್ಯ ಬರದೋನನ್ನ ಮಾರನೇ ದಿನದ ಲಾರಿಯಲ್ಲಿ ಮನೆಗೆ ಕಳಿಸ್ತಿದ್ರು.

ಆ ಶಾಲೆಯ ಬಟ್ಟೆ ಒಗೆಯೋಕೆ ಸೇರಿದೋಳು ಊರಿನ ಮಡಿವಾಳರ ಮಾರಕ್ಕ. ಐವತ್ತರ ಹತ್ತಿರದ ಹೆಂಗಸು. ಗಂಡ ಹೋಗಿ ಆಗಲೇ ಹನ್ನೆರಡು ವರ್ಷ, ಮಕ್ಕಳಿರಲಿಲ್ಲ. ಊರಿನ ಒಗೆತದ ಜೊತೆಗೆ ಊರಿನ ನಡೆಮಡಿಯೂ ಅವಳದೇ ಆಗಿತ್ತು. ನಡೆಮಡಿ ಅಂದರೆ, ದೇವರು ಊರೊಳಗೆ ಬರುವಾಗ, ಮದುಮಗ ಹಸೆಗೆ ಬರುವಾಗ, ಅವರ ಕಾಲು ಬರೀ ನೆಲ ಮುಟ್ಟದ ಹಾಗೆ ದಾರಿಗೆ ಒಗೆದ ಬಟ್ಟೆ ಹಾಸೋದು. ಅದಕ್ಕೊಂದು ಕಟ್ಟು ಇತ್ತು. ಬರೋರು ಹೊರಟಿದ್ದಾರೆ ಅಂತ ತಿಳಿದು ಹಾಸಿದ ಮೇಲೆ, ಅವರು ದಾಟೋ ತನಕ ಬಟ್ಟೆ ಎತ್ತೋ ಹಾಗಿಲ್ಲ. ಎತ್ತಿದರೆ, ಬರಬೇಡ ಅಂತ ಹೇಳಿದ ಹಾಗೆ. ಮಾರಕ್ಕ ಇದನ್ನ ಕೇಳಿ ಮಾತ್ರ ತಿಳಿದೋಳಲ್ಲ. ಅವಳ ಮದುವೆಯಾದ ಹೊಸದರಲ್ಲಿ ಗೌಡರ ಮನೆ ಮದುಮಗನಿಗೆ ಅಂತ ಅವಳ ಗಂಡ ಹಾಸಿದ ಮಡಿಯನ್ನ, ಮಳೆ ಬಂತು, ನೆನೆಯುತ್ತೆ ಅಂತ ಅವಳೇ ಓಡಿ ಹೋಗಿ ಸುತ್ತಿ ಒಳಗಿಟ್ಟಿದ್ದಳು. ಆ ಗಳಿಗೆಯಲ್ಲೇ ಹಳ್ಳ ದಾಟುತ್ತಿದ್ದ ಗಾಡಿ ಮಗುಚಿತು. ಮದುಮಗನ ಹೆಣ ಸಿಕ್ಕಿದ್ದು ಮೂರನೇ ದಿನ. ಊರಲ್ಲಿ ಯಾರೂ ಅವಳನ್ನ ಒಂದು ಮಾತೂ ಅನ್ನಲಿಲ್ಲವಂತೆ. ಗಂಡನೂ ಅನ್ನಲಿಲ್ಲ. ಆದರೆ ಅವತ್ತಿಂದ ಅವಳು ಹಾಸಿದ ಮಡಿಯನ್ನ ಯಾರು ಹೇಳಿದರೂ ಹೊತ್ತಿಗೆ ಮುಂಚೆ ಎತ್ತಿದೋಳಲ್ಲ.

ಶಾಲೆಯಲ್ಲಿ ಅವಳಿಗೆ ಅಂಗಿ, ಚಡ್ಡಿ, ಹಾಸಿಗೆ ಬಟ್ಟೆ ಒಗೆಯೋ ಕೆಲಸದ ಜೊತೆ ಇನ್ನೊಂದು ಕೆಲಸ ಇತ್ತು. ದಿಣ್ಣೆ ಮೇಲೆ ಎರಡು ಉದ್ದನೆ ಬಿಳೀ ಬಟ್ಟೆ ಹಾಸ್ತಿದ್ರು, ಒಂದು ಗಾಡಿಯ ಮೂಕಿ ಹಾಗೆ ಉದ್ದಕ್ಕೆ, ಇನ್ನೊಂದು ಅದರ ತುದಿಗೆ ನೊಗದ ಹಾಗೆ ಅಡ್ಡಕ್ಕೆ. ಮೇಲಿರೋನಿಗೆ ಗಾಳಿ ಕಾಣಲ್ಲ. ಅವನು ಈ ಬಟ್ಟೆ ನೋಡಿ, ಮೂಕಿ ಹಿಡಿದು ನೊಗದ ಕಡೆಗೆ ಇಳೀಬೇಕು. ನೊಗ ಯಾವಾಗಲೂ ಗಾಳಿಗೆ ಎದುರಾಗಿರಬೇಕು, ಯಾಕಂದ್ರೆ ಎದುರು ಗಾಳಿ ವಿಮಾನವನ್ನ ಹಿಡಿದು ನಿಲ್ಲಿಸುತ್ತೆ, ಬೆನ್ನ ಗಾಳಿ ನೂಕಿಕೊಂಡು ಹೋಗುತ್ತೆ. ಗಾಳಿ ನೋಡೋಕೆ ಕಂಬದ ಮೇಲೆ ಒಂದು ಬಟ್ಟೆ ಚೀಲವೂ ಇತ್ತು, ಆದರೆ ಈ ಬಯಲಿನ ಗಾಳಿಗೆ ಅದು ತಿಂಗಳಿಗೊಂದು ಸಲ ಹರಿದು ಚಿಂದಿಯಾಗೋದು. ಕೆಮ್ಮಣ್ಣಿನ ಧೂಳಿಗೆ ಬಿಳೀ ಬಟ್ಟೆ ಮೂರೇ ದಿನಕ್ಕೆ ನೆಲದ ಬಣ್ಣಕ್ಕೆ ತಿರುಗೋದು. ಅದಕ್ಕೆ ಎರಡು ಜೊತೆ ಇದ್ವು. ಒಂದು ದಿಣ್ಣೆ ಮೇಲಿದ್ದರೆ ಇನ್ನೊಂದು ಹಳ್ಳದ ದಡದಲ್ಲಿ ಉಬ್ಬೆಗೆ ಹಾಕಿರ್ತಿತ್ತು, ಚೌಳು ಮಣ್ಣು ಹಚ್ಚಿ ಹಂಡೆಯ ಹಬೆಯಲ್ಲಿ ಬೇಯ್ತಿರ್ತಿತ್ತು.

ಮೊದಮೊದಲು ಮಾರಕ್ಕನಿಗೆ ಇದೊಂದು ತಮಾಷೆ. ನೆಲದ ಮೇಲಿನ ಕೆಲಸ ನೋಡಿಕೊಳ್ತಿದ್ದ ಸಾರ್ಜೆಂಟ್ ಪೊನ್ನುಸ್ವಾಮಿ, ಸೇಲಂ ಕಡೆಯೋನು, ಬಟ್ಟೆಯ ಮೂಲೆಗೆ ಕಬ್ಬಿಣದ ಗೂಟ ಹೊಡೆಸ್ತಾ ನಿಂತಿದ್ದಾಗ ಅವಳು ಕೇಳಿದಳಂತೆ, "ಏನ್ ಸಾಮಿ, ಇಷ್ಟು ಉದ್ದ ಪಂಚೆ ಉಡೋನು ಯಾವ ರಾಕ್ಷಸ?" ಪೊನ್ನುಸ್ವಾಮಿಗೆ ಕನ್ನಡ ಅಷ್ಟಕ್ಕಷ್ಟೆ. "ರಾಕ್ಷಸ ಇಲ್ಲಮ್ಮ, ಪೈಲೆಟು" ಅಂದ. ಸುತ್ತ ಇದ್ದೋರೆಲ್ಲ ನಕ್ಕರು. ನಗದೇ ಇದ್ದೋನು ಒಬ್ಬನೇ, ಧಾರವಾಡದ ಕಡೆಯಿಂದ ಕಲಿಯೋಕೆ ಬಂದಿದ್ದ ಮಾಧವ ಇನಾಮದಾರ. ಹತ್ತೊಂಬತ್ತು ವರ್ಷ, ಮೀಸೆ ಇನ್ನೂ ಮನಸ್ಸು ಮಾಡಿರಲಿಲ್ಲ. ಶಾಲೆಯಲ್ಲಿ ಅವಳ ಜೊತೆ ಪೂರಾ ಕನ್ನಡ ಮಾತಾಡೋನು ಅವನೊಬ್ಬನೇ. ಅವನು ಕೂತು ಅವಳಿಗೆ ಎಲ್ಲ ಬಿಡಿಸಿ ಹೇಳಿದ.

"ನಾವು ಮ್ಯಾಲಿಂದ ಬರೋದು ಈ ಅರಿವಿ ನೋಡೇ ಅವ್ವಾ. ಇದು ಹೆಂಗ ಹಾಸೇದ ಹಂಗ ಇಳೀತೀವಿ."

"ಅಂಗಾದ್ರೆ ನಡೆಮಡಿ ಅನ್ನು."

"ನಡೆಮಡಿ ಅಂದ್ರ ಏನು?"

ಅವಳು ಹೇಳಿದಳು. ದೇವರು, ಮದುಮಗ, ದಾರಿ, ಎಲ್ಲ ಹೇಳಿದಳು. ಗಾಡಿ ಮಗುಚಿದ್ದು ಮಾತ್ರ ಹೇಳಲಿಲ್ಲ. ಮಾಧವ ಜೋರಾಗಿ ನಕ್ಕ. "ನಾ ಏನು ದೇವರೇನವ್ವಾ? ಮದಿವಿ ಅಂತೂ ಮೊದಲಽ ಆಗಿಲ್ಲ."

"ಮೊದಲ ಸಲ ಬರೋನು ಯಾರಾದ್ರೂ ಮದುಮಗನೇ ಕಣಪ್ಪ," ಅಂದಳು ಮಾರಕ್ಕ. "ನೀ ಒಬ್ಬನೇ ಬರೋ ದಿನ ಹೇಳು, ಇನ್ನೊಂದು ಉಬ್ಬೆ ಹೆಚ್ಚಿಗೆ ಹಾಕಿ ಹಾಲಿನಂಗೆ ಮಾಡಿ ಹಾಸ್ತೀನಿ."

ಅಲ್ಲಿಂದ ಅವಳಿಗೆ ಅದು ತಮಾಷೆ ಆಗಿ ಉಳಿಯಲಿಲ್ಲ. ಬೆಳಗ್ಗೆ ಎದ್ದು ಮಿಂದು ದಿಣ್ಣೆ ಹತ್ತೋಳು. ಹಿಡಿ ಬೂದಿ ಮೇಲೆ ತೂರಿ, ಅದು ಯಾವ ಕಡೆ ಹೋಯ್ತು ನೋಡಿ, ತಾನೇ ನೊಗ ತಿರುಗಿಸಿ ಹಾಸೋಳು. ಸ್ವಲ್ಪ ದಿನಕ್ಕೆ ಪೊನ್ನುಸ್ವಾಮಿಯ ಲೆಕ್ಕಕ್ಕಿಂತ ಅವಳ ಬೂದಿಯೇ ಸರಿ ಬರ್ತಿದೆ ಅಂತ ಎಲ್ಲರಿಗೂ ಗೊತ್ತಾಯ್ತು. ಬೆಳಗಿನ ಗಾಳಿ ಮೂಡಲಿಂದ ಬರೋದು, ಆಗ ನೊಗ ಮೂಡಲಿಗೆ. ವಿಮಾನಗಳು ಪಡುವಣದಿಂದ ಬಂದು, ದಿಣ್ಣೆ ದಾಟಿ, ಬಯಲ ನಡುವೆ ನಿಲ್ಲೋವು. ಹೊತ್ತು ಏರಿದ ಮೇಲೆ ಗಾಳಿ ತಿರುಗಿದರೆ ನೊಗ ಪಡುವಣಕ್ಕೆ. ಆದರೆ ತಿರುಗಿಸೋಕೆ ಮುಂಚೆ ಅವಳು ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡೋಳು, ಕೂಗೋಳು, "ಎಲ್ಲ ಬಂದ್ರಾ?" ಎಂಟಕ್ಕೆ ಎಂಟೂ ಇಳಿದ ಮೇಲೆಯೇ ಬಟ್ಟೆಗೆ ಕೈ ಹಾಕೋಳು. ವಿಮಾನ ಬಟ್ಟೆಯನ್ನ ತುಳಿಯೋದಿಲ್ಲವಲ್ಲ, ಮೇಲೆ ಹಾದು ಹೋಗುತ್ತೆ. ಅದಕ್ಕೆ ಅವಳೇ ಒಂದು ಲೆಕ್ಕ ಮಾಡಿಕೊಂಡಿದ್ದಳು, ನೆರಳು ಬಟ್ಟೆ ಮೇಲೆ ಹಾದರೆ ಸಾಕು, ಅದೇ ಕಾಲಿಟ್ಟ ಹಾಗೆ. ಒಂದೊಂದು ನೆರಳು ಬಿಳೀ ಬಟ್ಟೆ ಮೇಲೆ ಸರ್ ಅಂತ ಹಾದಾಗಲೂ ಬಾಯಲ್ಲೇ ಒಂದು, ಎರಡು ಅಂತ ಎಣಿಸೋಳು. ದೊಡ್ಡ ಸಾಹೇಬ ಹಾಲಿಸ್ ಅನ್ನೋನು ಇದನ್ನ ನೋಡಿ ಪೊನ್ನುಸ್ವಾಮಿಗೆ ಹೇಳಿದನಂತೆ, ಈ ಹೆಂಗಸಿಗೆ ಇರೋ ಎಚ್ಚರ ನಿಮ್ಮಲ್ಲಿ ಅರ್ಧ ಜನಕ್ಕೆ ಇದ್ದಿದ್ದರೆ ಅಂತ. ಹಾರ್ತಿರೋರು ಇಳಿಯೋ ತನಕ ಗುರುತು ಬದಲಾಯಿಸಬಾರದು ಅನ್ನೋದು ಒಳ್ಳೇ ಪದ್ಧತಿ ಅಂತಲೇ ಅವನೂ ತಿಳಿದಿದ್ದ. ಅವಳು ಯಾಕೆ ಕಾಯ್ತಾಳೆ ಅಂತ ಯಾರೂ ಕೇಳಲಿಲ್ಲ. ಅವರು ಅದನ್ನ ಎಚ್ಚರ ಅಂದುಕೊಂಡರು, ಅವಳು ನಡೆಮಡಿಯ ಕಟ್ಟು ಅವರಿಗೂ ಗೊತ್ತು ಅಂದುಕೊಂಡಳು. ಕೇಳಿದ್ದರೆ ಆಮೇಲಿನದು ಯಾವುದೂ ಆಗ್ತಿರಲಿಲ್ಲ ಅಂತಾರೆ ತಿಳಿದೋರು.

ಗಾಳಿಗೆ ಬೆನ್ನು ಕೊಟ್ಟು ಇಳಿದರೆ ಏನಾಗುತ್ತೆ ಅನ್ನೋದು ಮಾರಕ್ಕನಿಗೆ ಗೊತ್ತಿರಲಿಲ್ಲ ಅಂತ ಅಲ್ಲ. ಶಾಲೆ ಶುರುವಾದ ವಾರದಲ್ಲೇ ಒಬ್ಬ ಹುಡುಗ ಬಟ್ಟೆ ಸರಿಯಾಗಿ ನೋಡದೆ ತಪ್ಪು ಕಡೆಯಿಂದ ಬಂದಿದ್ದ. ವಿಮಾನ ನಿಲ್ಲಲೇ ಇಲ್ಲ. ಬಯಲೆಲ್ಲ ಮುಗಿದು, ಮೂಡಲ ತುದಿಯ ಕೊರಕಲಿನ ಅಂಚಿಗೆ ಹೋಗಿ, ಒಂದು ಬಾರೆ ಪೊದೆಗೆ ಚಕ್ರ ಸಿಕ್ಕಿಕೊಂಡು ನಿಂತಿತು. ಮುಂದೆ ಎರಡು ಮಾರು ಹೋಗಿದ್ದರೆ ಕೆಳಗೆ. ಹಾಲಿಸ್ ಸಾಹೇಬ ಆ ಹುಡುಗನನ್ನ ಪೊದೆ ಮುಂದೆ ನಿಲ್ಲಿಸಿ, ಇದಕ್ಕೆ ಸಲಾಂ ಹೊಡಿ ಅಂದನಂತೆ. ಹುಡುಗ ಹೊಡೆದ. ಮಾರಕ್ಕ ಆ ಕೊರಕಲಿನೊಳಗೆ ಇಣುಕಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಬಂದಿದ್ದಳು.

ವೈಶಾಖ ಬಂತು. ಮಾಧವನ ಜೊತೆಗೆ ಬಂದೋರೆಲ್ಲ ಒಬ್ಬೊಬ್ಬರೇ ಹಾರಿ ನೀರು ಹಾಕಿಸಿಕೊಂಡಿದ್ದರು. ಅವನೊಬ್ಬ ಉಳಿದಿದ್ದ. ಮೇಲೆ ಹೋದರೆ ಚೆನ್ನಾಗಿ ಹಾರೋನು, ಇಳಿಯುವಾಗ ಮಾತ್ರ ಕೈ ನಡುಗೋದು. ಹಾಲಿಸ್ ಸಾಹೇಬ ಕೊನೆಗೆ ಹೇಳಿದ, ಶನಿವಾರ ಕೊನೇ ದಿನ, ಆಗದಿದ್ದರೆ ಭಾನುವಾರದ ಲಾರಿ. ಮಾಧವ ಶುಕ್ರವಾರ ಸಂಜೆ ಹಳ್ಳದ ಹತ್ರ ಬಂದು ಉಬ್ಬೆಯ ಪಕ್ಕ ಕೂತ.

"ಏನಪ್ಪ, ನಾಳೆ ಅಂತೆ," ಅಂದಳು ಮಾರಕ್ಕ.

"ಹೌದು. ಮ್ಯಾಲೆ ಹೋದ ಮ್ಯಾಲೆ ಗಾಳಿ, ಎತ್ತರ, ವೇಗ, ಅದು ಇದು ಅಂತ ಹತ್ತು ನೋಡಬೇಕು ನೋಡವ್ವಾ. ಹತ್ತೂ ಒಮ್ಮೆಗೇ ತಲ್ಯಾಗ ಬಂದು ಒಂದೂ ತಿಳೀದಂಗ ಆಗ್ತದ. ನಾಳೆ ನಾ ಏನೂ ನೋಡೂದಿಲ್ಲ. ನಿನ್ನ ಅರಿವಿ ಒಂದಽ ನೋಡ್ತೇನಿ. ಅದು ಎತ್ತಾಗ ಅಂತದೋ ಅತ್ತಾಗ ಇಳೀತೇನಿ."

"ಬಾ. ನಾ ಅಲ್ಲೇ ಇರ್ತೀನಿ."

ಮಾರನೇ ಬೆಳಗ್ಗೆ ಅವಳು ಹಾಸಿದ ಬಟ್ಟೆ ಎಷ್ಟು ಬೆಳ್ಳಗಿತ್ತು ಅಂದರೆ, ಅದರ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ ಅಂತ ಈಗಲೂ ಹೇಳ್ತಾರೆ. ಬೂದಿ ತೂರಿದಳು, ಮೂಡಲ ಗಾಳಿ. ನೊಗ ಮೂಡಲಿಗೆ. ಬೆಳಗಿನ ತಂಪಲ್ಲೇ ಮಾಧವ ಹಾರಬೇಕಿತ್ತು. ಆದರೆ ಅವನ ವಿಮಾನದ ಎಂಜಿನ್ನು ಹಟ ಹಿಡಿಯಿತು. ಇಬ್ಬರು ಸೇರಿ ಮುಂದಿನ ಪಂಕ ತಿರುಗಿಸಿ ತಿರುಗಿಸಿ ಬೆವೆತರು. ಅದು ಕೆಮ್ಮೋದು, ನಿಲ್ಲೋದು. ಅದು ಸರಿಯಾಗಿ ಹೊತ್ತಿಕೊಳ್ಳೋ ಹೊತ್ತಿಗೆ ಹತ್ತೂವರೆ ಆಯ್ತು. ಬಿಸಿಲು ಬಲಿತಿತ್ತು. ಬೆಳಗಿಂದ ಬೀಸ್ತಿದ್ದ ಮೂಡಲ ಗಾಳಿ ನಿಧಾನಕ್ಕೆ ಸಣ್ಣಗಾಗಿ ನಿಂತೇ ಹೋಗಿತ್ತು. ಚೀಲದ ಕಂಬ ಆ ವಾರ ಬೋಳು, ಚೀಲ ಹೊಲಿಯೋಕೆ ಹೋಗಿತ್ತು. ಪೊನ್ನುಸ್ವಾಮಿ ಪಡುವಣದ ಕಡೆ ನೋಡಿ, ಸಾಹೇಬರೇ, ಸೋಮವಾರ ಮಾಡೋಣ ಅಂದನಂತೆ. ಹಾಲಿಸ್ ಗಡಿಯಾರ ನೋಡಿದ. ಹತ್ತು ನಿಮಿಷದ ಕೆಲಸ, ಊರಿನ ಕೆರೆ ಸುತ್ತಿ ಬರಲಿ ಅಂದ. ಮಾಧವ ಗಾಳಿ ತಡೆಯೋ ಕನ್ನಡಕ ಕಣ್ಣಿಗೆ ಎಳೆದುಕೊಂಡು, ದಿಣ್ಣೆಯ ಕಡೆ ಕೈಯೆತ್ತಿ, ಹೊರಟ. ನೆರಳು ಬಯಲ ಮೇಲೆ ಓಡಿ, ಚಿಕ್ಕದಾಗಿ, ಕೆರೆಯ ಕಡೆ ಹೋಯ್ತು. ಜೊತೆಗಾರರು ಶೆಡ್ಡಿನ ಮುಂದೆ ನಾಲ್ಕು ಬಕೆಟ್ ನೀರು ತುಂಬಿಸಿ ಇಟ್ಟುಕೊಂಡು ಕೂತರು. ಮಾರಕ್ಕ ದಿಣ್ಣೆ ಮೇಲೆ ಒಬ್ಬಳೇ.

ಹೋದ ಮೇಲೆ ಮೊದಲು ನಿಂತಿದ್ದು ಸದ್ದು. ಗೌಜಲ ಹಕ್ಕಿ, ಮಿಡತೆ, ಯಾವುದೂ ಇಲ್ಲ. ಹುಲ್ಲಿನ ಒಂದು ಎಸಳೂ ಅಲುಗದೆ ನಿಂತಿತು. ಮಾರಕ್ಕ ಮಡಿಲಿಂದ ಬೂದಿ ತೆಗೆದು ತೂರಿದಳು. ಬೂದಿ ಯಾವ ಕಡೆಯೂ ಹೋಗದೆ ಅವಳ ಪಾದದ ಮೇಲೇ ಬಿತ್ತು. ಇನ್ನೊಂದು ಹಿಡಿ ತೂರಿದಳು. ಅದು ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಯಾರೋ ಊದಿದ ಹಾಗೆ ಮೂಡಲಿಗೆ ಹಾರಿ ಹೋಯ್ತು. ಅವಳು ತಿರುಗಿ ಪಡುವಣಕ್ಕೆ ನೋಡಿದಳು. ಅಲ್ಲಿ ಆಕಾಶ ಇರಲಿಲ್ಲ. ನೆಲದಿಂದ ಎದ್ದ ಕೆಂಪು ಗೋಡೆ ಒಂದು, ಈ ತುದಿಯಿಂದ ಆ ತುದಿಗೆ, ಸದ್ದಿಲ್ಲದೆ ಹತ್ತಿರ ಬರ್ತಿತ್ತು.

ಮಾರಕ್ಕನಿಗೆ ತಿಳೀಲಿಲ್ಲ ಅನ್ನೋ ಹಾಗಿಲ್ಲ. ನೊಗ ಈಗ ಪಡುವಣಕ್ಕೆ ತಿರುಗಬೇಕು. ತಿರುಗದಿದ್ದರೆ ಹುಡುಗ ಬೆನ್ನಿಗೆ ಆ ಗಾಳಿ ಹೊತ್ತುಕೊಂಡು ಇಳೀತಾನೆ, ಇಳಿದರೆ ಕೊರಕಲು. ಅವಳು ಬಾಗಿ ಮೊದಲ ಗೂಟಕ್ಕೆ ಕೈ ಹಾಕಿದಳು. ಆದರೆ ಹುಡುಗ ಹೊರಟಾಗಿದೆ. ದಾರಿಯಲ್ಲಿದ್ದಾನೆ. ಈಗ ಎತ್ತಿದರೆ, ಬರಬೇಡ ಅಂದ ಹಾಗೆ. ಹಳ್ಳದ ಕೆಸರಲ್ಲಿ ಮುಳುಗಿ ಮೂರು ದಿನಕ್ಕೆ ಎದ್ದ ಮದುಮಗನ ಮುಖ, ಹಣೆಗೆ ಕಟ್ಟಿದ್ದ ಬಾಸಿಂಗ ಒಂದು ಕಡೆಗೆ ಜಾರಿ ಕಿವಿ ಮೇಲೆ ನಿಂತಿದ್ದು, ಅವಳ ಕಣ್ಣ ಮುಂದೆ ಬಂತು. ಕೈ ಗೂಟದ ಮೇಲೇ ಉಳೀತು. ಎತ್ತದೆ ಇರೋಕೂ ಒಂದು ದಾರಿ ಇತ್ತು. ಹಾಸಿದ್ದನ್ನ ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಮಡಿ ಹಾಸಬಹುದು, ಹಾಗೆ ಮಾಡಿದರೆ ತಪ್ಪಿಲ್ಲ. ಇನ್ನೊಂದು ಜೊತೆ ಎಲ್ಲಿ? ಹಳ್ಳದ ದಡದಲ್ಲಿ, ಉಬ್ಬೆಯಲ್ಲಿ, ಅರ್ಧ ಮೈಲಿ ದೂರ. ಉಬ್ಬೆಯ ಹೊಗೆ ಅಲ್ಲಿಂದ ಕಾಣ್ತಿತ್ತು. ಆ ಹೊಗೆಯೂ ಮೂಡಲಿಗೆ ಮಲಗಿತ್ತು.

ಪೊನ್ನುಸ್ವಾಮಿ ಶೆಡ್ಡಿಂದ ಓಡಿ ಬರ್ತಾ ಇದ್ದ. ಓಡ್ತಾನೇ ಕೆಂಪು ದೀಪದ ಪಿಸ್ತೂಲನ್ನ ಮೇಲಕ್ಕೆ ಹೊಡೆದ, ಇಳೀಬೇಡ ಅಂತ ಅದರ ಅರ್ಥ. ಕೆಂಪು ಧೂಳಲ್ಲಿ ಕೆಂಪು ದೀಪ ಕಿಡಿಯಷ್ಟೂ ಕಾಣಲಿಲ್ಲ. "ತಿರುಗ್ಸಮ್ಮಾ! ತಿರುಗ್ಸು!" ಅಂತ ಕೂಗಿದ. ಅವನು ದಿಣ್ಣೆ ಹತ್ತೋ ಹೊತ್ತಿಗೆ ಮಾರಕ್ಕ ಮೂಕಿ ಬಟ್ಟೆಯ ಪಕ್ಕ ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನ ನೆಲಕ್ಕೆ ಒತ್ತಿ ಹಿಡಿದಿದ್ದಳು.

"ಎತ್ತಬೇಡಿ ಸಾಮಿ. ಹುಡುಗ ಇನ್ನೂ ಬಂದಿಲ್ಲ."

"ಅದಕ್ಕೇ ಎತ್ತು ಅನ್ನೋದು! ಐಯೋ, ಬಿಡಮ್ಮಾ!"

"ಎತ್ತಿದ್ರೆ ಬರಲ್ಲ ಸಾಮಿ! ನಿಮಗೆ ಗೊತ್ತಿಲ್ಲ, ಎತ್ತಿದ್ರೆ ಬರಲ್ಲ!"

ಅವನು ಒಂದು ಗೂಟ ಕಿತ್ತ. ಎರಡನೇದಕ್ಕೆ ಕೈ ಹಾಕಿದಾಗ ತಲೆ ಮೇಲೆ ಎಂಜಿನ್ನಿನ ಸದ್ದು ಬಂತು. ಮಾಧವ ಕೆರೆ ಸುತ್ತಿ ಪಡುವಣದಿಂದ ಬರ್ತಿದ್ದ, ಧೂಳಿನ ಗೋಡೆ ಅವನ ಬೆನ್ನ ಹಿಂದೆಯೇ. ಹೇಳಿದ್ದ ಹಾಗೇ ಅವನು ಬೇರೇನೂ ನೋಡಿರಲಿಲ್ಲ, ಹಿಂದಿನದು ಕಾಣಲೂ ಇಲ್ಲ. ಮುಂದೆ ಹಾಲಿನಂಥ ಬಟ್ಟೆ ಕಂಡಿತು. ಅದು ಹೇಳಿದ ಕಡೆಗೇ, ಮಾತು ಕೊಟ್ಟ ಹಾಗೇ, ಒಂದು ಚೂರೂ ಕೈ ನಡುಗದೆ ನೇರಕ್ಕೆ ಇಳಿದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಇಳಿದಿರಲಿಲ್ಲ ಅಂತ ಹಾಲಿಸ್ ಸಾಹೇಬ ಆಮೇಲೆ ಹೇಳಿದನಂತೆ. ದಿಣ್ಣೆ ಮೇಲೆ ಹಾಯುವಾಗ ಎಷ್ಟು ತಗ್ಗಲ್ಲಿದ್ದ ಅಂದರೆ, ಮಾರಕ್ಕನಿಗೆ ಅವನ ಕನ್ನಡಕ ಕಾಣಿಸಿತು, ಕೆಳಗೆ ನೋಡಿ ಅವನು ನಕ್ಕಿದ್ದೂ ಕಾಣಿಸಿತು. ಅದೇ ಗಳಿಗೆಗೆ ಧೂಳು ಸೂರ್ಯನನ್ನ ನುಂಗಿತು. ಅವಳು ಬಟ್ಟೆಯ ಕಡೆ ನೋಡಿದಳು. ಬಟ್ಟೆ ಮೇಲೆ ಏನೂ ಹಾಯಲಿಲ್ಲ.

ಚಕ್ರ ನೆಲ ಮುಟ್ಟಿದ್ದು ಕೇಳಿಸಿತು. ಆಮೇಲೆ ಧೂಳಿನ ಒಳಗೆ ಎಂಜಿನ್ನಿನ ಸದ್ದು ದೂರ, ದೂರ, ಇನ್ನೂ ದೂರ ಹೋಯ್ತು. ಆಮೇಲೆ ಕೊರಕಲಿನ ಕಡೆ, ಒಣ ಬಿದಿರು ಮುರಿದ ಹಾಗೆ ಒಂದು ಸದ್ದು. ಅಷ್ಟೇ. ಬಾರೆ ಪೊದೆಯನ್ನ ಆ ಬೇಸಿಗೆಯಲ್ಲೇ ಯಾರೋ ಒಲೆಗೆ ಕಡಿದುಕೊಂಡು ಹೋಗಿದ್ದರಂತೆ.

ಗಾಳಿ ಹಾದು ಹೋಗೋಕೆ ಕಾಲು ಗಂಟೆ ಹಿಡೀತು. ಹುಡುಗನನ್ನ ಮೇಲಕ್ಕೆ ತಂದು ಶೆಡ್ಡಲ್ಲಿ ಮಲಗಿಸಿದರು. ಬಕೆಟ್ಟಿನ ನೀರಿನ ಮೇಲೆ ಕೆಂಪು ಧೂಳಿನ ಕೆನೆ ಕಟ್ಟಿತ್ತು. ಸಂಜೆ ಹೊತ್ತಿಗೆ ಹಾಲಿಸ್ ಸಾಹೇಬ ಟೋಪಿ ಕೈಯಲ್ಲಿ ಹಿಡಿದು ದಿಣ್ಣೆ ಹತ್ತಿದ. ಮಾರಕ್ಕ ಅಲ್ಲೇ ಕೂತಿದ್ದಳು, ಪೊನ್ನುಸ್ವಾಮಿ ಕಿತ್ತ ಗೂಟವನ್ನ ಮತ್ತೆ ಹೊಡೆದು. ಸಾಹೇಬ ಪೊನ್ನುಸ್ವಾಮಿಯ ಬಾಯಲ್ಲಿ ಕೇಳಿಸಿದ, ಯಾಕೆ ಎತ್ತಲಿಲ್ಲ?

"ಅವನು ಬರಲಿ ಅಂತ," ಅಂದಳು.

"ಬಂದನಲ್ಲಮ್ಮ," ಅಂದ ಪೊನ್ನುಸ್ವಾಮಿ. "ಬಂದ, ಹೋದ. ಇನ್ನು ಎತ್ತು."

"ನೆರಳು ಬಿತ್ತಾ ಸಾಮಿ? ನೀವೂ ಇಲ್ಲೇ ಇದ್ರಲ್ಲ. ಬಟ್ಟೆ ಮೇಲೆ ನೆರಳು ಬಿದ್ದಿದ್ದು ನೋಡಿದ್ರಾ?"

ಪೊನ್ನುಸ್ವಾಮಿ ತಿರುಗಿ ಬಟ್ಟೆಯ ಕಡೆ ನೋಡಿದ. "ದಾಟಿಲ್ಲ ಸಾಮಿ," ಅಂದಳು ಮಾರಕ್ಕ, ಯಾರಿಗೋ ಸಮಾಧಾನ ಮಾಡೋ ಹಾಗೆ. "ಇನ್ನೂ ದಾರಿಯಲ್ಲೇ ಇದ್ದಾನೆ. ನಾನು ಒಂದು ಸಲ ಎತ್ತಿದೋಳು. ಇನ್ನೊಂದು ಸಲ ಎತ್ತಲ್ಲ."

ಆ ಬಟ್ಟೆಯನ್ನ ಆಮೇಲೆ ಯಾರೂ ಎತ್ತಲಿಲ್ಲ. ಎತ್ತೋಕೆ ಬಂದ ಇಬ್ಬರು ಜವಾನರು ಅವಳ ಮುಖ ನೋಡಿ ವಾಪಸ್ ಹೋದರು ಅಂತ ಕೆಲವರು, ಸಾಹೇಬನೇ ಬೇಡ ಅಂದ ಅಂತ ಕೆಲವರು. ಶಾಲೆಯೋರು ಇನ್ನೊಂದು ಜೊತೆ ತಂದು ಬಯಲಿನ ಆಚೆ ಬದಿಗೆ ಹಾಸಿ, ಇನ್ನು ಮೇಲೆ ಇದನ್ನೇ ನೋಡಿ ಇಳೀಬೇಕು ಅಂತ ಹೇಳಿದರು. ಆದರೆ ಹೊಸಬರು ಒಬ್ಬರೇ ಬರೋ ದಿನ, ಎಷ್ಟು ಹೇಳಿ ಕಳಿಸಿದರೂ, ದಿಣ್ಣೆಯ ಕಡೆಗೇ ಮೂತಿ ತಿರುಗಿಸೋರು ಅಂತಾರೆ. ಯಾಕೆ ಅಂತ ಕೇಳಿದರೆ, ಅಲ್ಲಿ ಬಟ್ಟೆ ಪಕ್ಕ ಒಬ್ಬ ಹೆಂಗಸು ಕೂತು ಕೈಯಲ್ಲಿ ಕರೀತಿದ್ದಳು, ಅದಕ್ಕೆ ಅನ್ನೋರು. ಮಾರಕ್ಕ ಹಳ್ಳದಲ್ಲಿ ಒಗೀತಿದ್ದ ಹೊತ್ತಲ್ಲೂ ಹಾಗೇ ಅಂದೋರಿದ್ದರು. ಒಬ್ಬನ ಚಕ್ರ ಮುರೀತು. ಇನ್ನೊಬ್ಬ ಇಳಿದ ಮೇಲೆ ಮತ್ತೆ ಹತ್ತಲಿಲ್ಲ, ಅವನೇ ಕೇಳಿಕೊಂಡು ಭಾನುವಾರದ ಲಾರಿಯಲ್ಲಿ ಹೋದ. ಮುಂದಿನ ಮಾಗಿ ಬರೋ ಮುಂಚೆ ಶಾಲೆಯನ್ನ ಬೇರೆ ಕಡೆಗೆ ಸಾಗಿಸಿದರು. ತಗಡು ಬಿಚ್ಚಿದರು, ಡೇರೆ ಮಡಿಸಿದರು, ಏಳು ವಿಮಾನ ಸಾಲಾಗಿ ಎದ್ದು ಹೋದವು. ಹೋಗುವಾಗ ಅವು ದಿಣ್ಣೆಯನ್ನ ಬಳಸಿಕೊಂಡು ಹೋದವಂತೆ.

ಮಾರಕ್ಕ ಆಮೇಲೆ ಹದಿನಾಲ್ಕು ವರ್ಷ ಬದುಕಿದಳು. ಊರಿನ ಒಗೆತ ಬಿಡಲಿಲ್ಲ, ನಡೆಮಡಿ ಮಾತ್ರ ಮೈದುನನ ಮಕ್ಕಳಿಗೆ ಬಿಟ್ಟುಕೊಟ್ಟಳು. ದಿನಾ ಹೊತ್ತು ಏರುವಾಗ ದಿಣ್ಣೆಗೆ ಹೋಗಿ ಕೂತು ಬರೋಳು. ಬಟ್ಟೆ ಮೊದಲು ಕೆಂಪಾಯ್ತು, ಆಮೇಲೆ ಅಂಚಿಂದ ನೂಲು ನೂಲಾಗಿ ಗಾಳಿಗೆ ಹೋಗೋಕೆ ಶುರುವಾಯ್ತು. ಎಲ್ಲಿ ನೂಲು ಹೋಯ್ತೋ ಅಲ್ಲಿ ಅವಳು ಹಳ್ಳದಿಂದ ಒಂದು ಬಿಳೀ ಬೆಣಚುಕಲ್ಲು ತಂದು ಇಡೋಳು. ಬಟ್ಟೆ ಪೂರಾ ಹೋಗೋ ಹೊತ್ತಿಗೆ ಕಲ್ಲು ಪೂರಾ ಬಂದಿತ್ತು. ಯಾರಾದರೂ ಪಾಪ ಅನ್ನಿಸಿ, ಸಾಕು ಬಿಡಕ್ಕ, ಆ ಹುಡುಗ ಇನ್ನೆಲ್ಲಿ ಬರ್ತಾನೆ ಅಂದರೆ, ಅವಳು ಕೋಪ ಮಾಡಿಕೊಳ್ತಿರಲಿಲ್ಲ. "ಬರದಿದ್ರೆ ಬರದಿರಲಿ," ಅನ್ನೋಳಂತೆ. "ಬರಬೇಡ ಅಂತ ನನ್ನ ಕೈಯಲ್ಲಿ ಹೇಳಿಸಬೇಡಿ."

ಈಗ ಹೋದರೂ ಆ ಕಲ್ಲು ಕಾಣುತ್ತೆ. ಮೂಕಿ ಇಪ್ಪತ್ತು ಹೆಜ್ಜೆ, ನೊಗ ಹನ್ನೆರಡು ಹೆಜ್ಜೆ, ನೊಗದ ಮುಖ ಇವತ್ತಿಗೂ ಮೂಡಲಿಗೆ, ಕೊರಕಲಿನ ಕಡೆಗೆ. ಅದಕ್ಕೆ ಪೂಜೆ ಇಲ್ಲ, ಬೋರ್ಡು ಇಲ್ಲ, ಬೇಲಿಯೂ ಇಲ್ಲ. ಹಿರೇಕಾವಲಿಂದ ಆಚೆ ಹಟ್ಟಿಗೆ ಹೋಗೋ ಕಾಲುದಾರಿ ಸೀದಾ ಆ ದಿಣ್ಣೆ ಮೇಲೇ ಹತ್ತುತ್ತೆ. ಜನ ಓಡಾಡಿ ಓಡಾಡಿ ಒಂದಡಿ ಅಗಲಕ್ಕೆ ನೆಲ ನುಣ್ಣಗಾಗಿರೋ ದಾರಿ ಅದು. ಕಲ್ಲಿಗೆ ನಾಲ್ಕು ಹೆಜ್ಜೆ ಇರುವಾಗ ದಾರಿ ಎರಡಾಗಿ ಒಡೆಯುತ್ತೆ, ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಬಿಳೀ ಕಲ್ಲನ್ನ ಬಳಸಿಕೊಂಡು ಹೋಗಿ, ನೊಗದ ಆಚೆ ಮತ್ತೆ ಒಂದಾಗುತ್ತೆ. ಮಧ್ಯದಲ್ಲಿ, ಕಲ್ಲಿನ ಸಂದಿಯಲ್ಲಿ, ಎಂಬತ್ತು ವರ್ಷದ ಹುಲ್ಲು ಒಂದು ಹೆಜ್ಜೆಯೂ ಬೀಳದೆ ನಿಂತಿದೆ. ಶಾಲೆಗೆ ಹೋಗೋ ಮಕ್ಕಳು ಕೂಡ ಓಡಿ ಬಂದು ಅಲ್ಲಿ ಬೇರೆ ಬೇರೆಯಾಗಿ, ಆಚೆ ಹೋಗಿ ಮತ್ತೆ ಕೈ ಹಿಡ್ಕೋತಾರೆ. ಯಾಕೆ ಅಂತ ಕೇಳಿದರೆ, ಅದು ನಮಗೆ ಹಾಸಿದ್ದಲ್ಲ ಅಂತಾರೆ.